ಇ-ಇಂಕಾ, ಟ್ಯಾಬ್ಲೆಟ್ಟಾ? ಮೊದಲು ನಿಮ್ಮ ಪಿಡಿಎಫ್ ಅಳೆದು ನೋಡಿ

ಮೂರನೇ ಸೆಮಿಸ್ಟರ್‌ನಲ್ಲಿ ಕೂಡಿಟ್ಟ ದುಡ್ಡು ಸುರಿದು 6 ಇಂಚಿನ ಇ-ಇಂಕ್ ರೀಡರ್ ತಗೊಂಡೆ. ಕಣ್ಣಿಗೆ ಹಿತ, ಬ್ಯಾಟರಿ ವಾರಗಟ್ಟಲೆ ಬರುತ್ತೆ ಅಂತ ಎಲ್ಲರೂ ಹೇಳಿದ್ರು. ಅದೇನೋ ನಿಜವೇ. ಆದರೆ ಇಂಟರ್ನಲ್ಸ್ ಹಿಂದಿನ ರಾತ್ರಿ ಸಿಗ್ನಲ್ಸ್ ನೋಟ್ಸ್ ತೆರೆದಾಗ ತಪ್ಪು ಗೊತ್ತಾಯ್ತು. ಪರದೆ ನೋಡಿ ಕೊಂಡಿದ್ದೆ, ಅದರಲ್ಲಿ ಏನು ಓದ್ತೀನಿ ಅಂತ ಯೋಚಿಸಿರಲಿಲ್ಲ.

ಲೆಕ್ಕ ಸಣ್ಣದು. ಎ4 ಹಾಳೆಯ ಅಗಲ 21 ಸೆಂ.ಮೀ. 6 ಇಂಚಿನ ರೀಡರ್ ಪರದೆಯ ಅಗಲ ಸುಮಾರು 9 ಸೆಂ.ಮೀ. ಇಡೀ ಪುಟ ಅದರಲ್ಲಿ ಕೂರಿಸಿದರೆ 10 ಪಾಯಿಂಟ್ ಅಕ್ಷರ 4 ಪಾಯಿಂಟ್ ಚಿಲ್ಲರೆಗೆ ಇಳಿಯುತ್ತೆ. ಇಂಟಿಗ್ರಲ್‌ನ ಮಿತಿಗಳು ಇರುವೆ ಸಾಲಿನಂತೆ ಕಾಣ್ತವೆ. 11 ಇಂಚಿನ ಟ್ಯಾಬ್ಲೆಟ್‌ನಲ್ಲಿ ಅದೇ ಅಕ್ಷರ ಸುಮಾರು 7 ಪಾಯಿಂಟ್. ಓದಬಹುದು.

ಸರಿ, ರೀಡರ್‌ನಲ್ಲೇ ಜೂಮ್ ಮಾಡಿ ಸರಿಸೋಣ ಅಂದ್ರೆ ಇ-ಇಂಕ್‌ನ ಸ್ವಭಾವವೇ ಅಡ್ಡ ಬರುತ್ತೆ. ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಕ್ಯಾಪ್ಸೂಲ್‌ಗಳಿವೆ. ಒಂದೊಂದರಲ್ಲೂ ವಿರುದ್ಧ ಚಾರ್ಜಿನ ಕಪ್ಪು, ಬಿಳಿ ಕಣಗಳು ದ್ರವದಲ್ಲಿ ತೇಲ್ತಿರ್ತವೆ. ವೋಲ್ಟೇಜ್ ಕೊಟ್ಟರೆ ಒಂದು ಬಣ್ಣ ಮೇಲೆ, ಇನ್ನೊಂದು ಕೆಳಗೆ. ವೋಲ್ಟೇಜ್ ತೆಗೆದ ಮೇಲೂ ಕಣಗಳು ಇದ್ದಲ್ಲೇ ನಿಲ್ತವೆ. ಹಾಗಾಗಿ ಅಕ್ಷರವನ್ನು ಹಿಡಿದಿಡಲು ಕರೆಂಟ್ ಬೇಡ, ಪುಟ ಬದಲಿಸಲು ಮಾತ್ರ ಬೇಕು. ಬ್ಯಾಟರಿ ಬಾಳುವ ಗುಟ್ಟು ಇದೇ, ನಿಧಾನಕ್ಕೂ ಕಾರಣ ಇದೇ. ಕಣಗಳು ದ್ರವದಲ್ಲಿ ಈಜಿ ಬರಬೇಕಲ್ಲ! ಪುಟ ಪೂರ್ತಿ ಬದಲಾಗಲು ನೂರಾರು ಮಿಲಿಸೆಕೆಂಡ್ ಹಿಡಿಯುತ್ತೆ. 60 ಹರ್ಟ್ಸ್ ಟ್ಯಾಬ್ಲೆಟ್ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸುತ್ತೆ. ಕಾದಂಬರಿ ಓದುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಜೂಮ್ ಮಾಡಿ ಸರ್ಕ್ಯೂಟ್ ಹುಡುಕುವವರಿಗೆ ಪ್ರಾಣಸಂಕಟ.

ಬಣ್ಣದ ಇ-ಇಂಕ್ ಬಂದಿದೆಯಲ್ಲ ಅಂತೀರಾ? ಕೆಲಿಡೋ 3 ಪರದೆಯಲ್ಲಿ ಕಪ್ಪು-ಬಿಳುಪು 300 ಪಿಪಿಐ, ಬಣ್ಣ 150 ಮಾತ್ರ. ಮೇಲಿನ ಬಣ್ಣದ ಫಿಲ್ಟರ್ ಸ್ವಲ್ಪ ಬೆಳಕು ನುಂಗುವುದರಿಂದ ಬಿಳಿ ಹಾಳೆಯೂ ಮಾಸಲಾಗಿ ಕಾಣುತ್ತೆ.

ಇನ್ನು ಕನ್ನಡ ಪುಸ್ತಕಗಳು. ಯೂನಿಕೋಡ್ ಇಪಬ್ ಆದರೆ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು. ಆದ್ರೂ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಫೈಲ್ ತೆರೆದು 'ರಾಷ್ಟ್ರ', 'ಸ್ತ್ರೀ' ಒತ್ತಕ್ಷರ ಒಡೆಯದೆ ಬರುತ್ತಾ ನೋಡಿ. ಹಳೇ ನುಡಿ ಫಾಂಟಿನ ಪಿಡಿಎಫ್ ಕಣ್ಣಿಗೆ ಸರಿಯಾಗಿಯೇ ಕಂಡರೂ ಒಳಗಿರೋದು ಇಂಗ್ಲಿಷ್ ಅಕ್ಷರಗಳ ಕೋಡ್, ಹುಡುಕಿದರೆ ಪದ ಸಿಗಲ್ಲ. ಯಾವ ಸಾಧನ ತಗೊಂಡ್ರೂ ಆ ಗೋಳು ತಪ್ಪಿದ್ದಲ್ಲ. ಸ್ಕ್ಯಾನ್ ಅಂದ್ರೆ ಬರೀ ಪುಟದ ಫೋಟೊ. ಡೆಮಿ ಅಳತೆಯ ಕಾದಂಬರಿಯಾದ್ರೆ ಅಂಚು ಕತ್ತರಿಸಿ 6 ಇಂಚಿನಲ್ಲೂ ಹೇಗೋ ಓದಬಹುದು.

ಹೀಗೆ ಮಾಡಿ: ಈ ಸೆಮಿಸ್ಟರ್‌ನಲ್ಲಿ ಅತಿ ಹೆಚ್ಚು ತೆರೆಯುವ ಪಿಡಿಎಫ್ ಲ್ಯಾಪ್‌ಟಾಪ್‌ನಲ್ಲಿ ತೆಗೆದು, ಪರದೆಗೆ ಸ್ಕೇಲ್ ಹಿಡಿದು, ಪುಟದ ಅಗಲ 9 ಸೆಂ.ಮೀ. ಆಗುವವರೆಗೆ ಜೂಮ್ ಇಳಿಸಿ. ರೀಡರ್‌ನಲ್ಲಿ ಇದಕ್ಕಿಂತ ಚೂಪಾಗಿ ಕಾಣುತ್ತೆ, ಆದರೆ ಗಾತ್ರ ಇಷ್ಟೇ. ಹತ್ತು ನಿಮಿಷ ಓದಿ ನೋಡಿ. ಖರ್ಚಿಲ್ಲ.

ನನ್ನ ರೀಡರ್ ಈಗ ಕಾದಂಬರಿಗೆ ಮೀಸಲು. ನೋಟ್ಸ್ ಎಲ್ಲಾ ರೂಮ್‌ಮೇಟ್ ಟ್ಯಾಬ್ಲೆಟ್‌ನಲ್ಲಿ, ಅವನು ಊಟಕ್ಕೆ ಹೋದಾಗ.