ಅಗ್ಗದ ಟ್ರೇಲರನ್ನು ಕೊಳ್ಳುವುದಕ್ಕೆ ಮುಂಚೆ ಪರೀಕ್ಷಿಸುವ ಕ್ರಮ

ಎತ್ತಿನ ಗಾಡಿಯನ್ನು ಕೊಳ್ಳುವುದರಲ್ಲಿ ನಮ್ಮ ಹಿರಿಯರು ತೋರಿಸುತ್ತಿದ್ದ ಎಚ್ಚರಿಕೆಯು ಸರ್ವವಿದಿತವಾದದ್ದು. ಗುಂಬದ ಮರವು ಎಂಥದು, ಅರೆಗಳು ಬಿಗಿಯಾಗಿ ಕುಳಿತಿವೆಯೇ, ಅಚ್ಚು ನೆಟ್ಟಗಿದೆಯೇ, ಮೂಕಿಯಲ್ಲಿ ಗಂಟು ಉಂಟೇ ಎಂಬುದನ್ನು ಕಣ್ಣಿನಿಂದಲೂ ಕೈಯಿಂದಲೂ ನೋಡಿ, ಬಡಿದು ಸದ್ದು ಕೇಳಿ, ಆಮೇಲೆ ಬೆಲೆಯ ಮಾತನ್ನು ಎತ್ತುತ್ತಿದ್ದರು. ಈಗ ಸಿರಾ ತಾಲ್ಲೂಕಿನ ಬರಗೂರು ಮೊದಲಾದ ಗ್ರಾಮಗಳಲ್ಲಿಯೂ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಗಳಲ್ಲಿಯೂ ಗಾಡಿಯ ಕೆಲಸದ ಬಹುಭಾಗವನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರೇ ಮಾಡುತ್ತಿದೆ. ಆದರೆ ಗಾಡಿಯ ವಿಷಯದಲ್ಲಿದ್ದ ಆ ಎಚ್ಚರಿಕೆಯು ಟ್ರೇಲರಿನ ವಿಷಯಕ್ಕೆ ಬಂದಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಬಣ್ಣವು ಹೊಳೆಯುತ್ತಿದ್ದು ಬೆಲೆಯು ಕಡಿಮೆಯಾಗಿದ್ದರೆ ಸಾಕೆಂದು ಮುಂಗಡವನ್ನು ಕೊಟ್ಟುಬಿಡುವವರೇ ಹೆಚ್ಚು.

ಅಗ್ಗದ ಟ್ರೇಲರೆಲ್ಲವೂ ಕೆಟ್ಟದ್ದೆಂದು ಈ ಲೇಖನದ ಅಭಿಪ್ರಾಯವಲ್ಲ. ಸಣ್ಣ ಕಾರ್ಖಾನೆಗಳಲ್ಲಿ ನಮ್ಮ ಕಮ್ಮಾರರೂ ಬೆಸುಗೆಯವರೂ ಮಾಡಿದ ಟ್ರೇಲರುಗಳು ಹತ್ತಾರು ವರ್ಷ ದುಡಿದಿರುವುದುಂಟು. ಮಾಡುವವನು ಖರ್ಚನ್ನು ಎಲ್ಲಿ ಉಳಿಸಿದನೆಂಬುದೇ ಮುಖ್ಯವಾದ ಪ್ರಶ್ನೆಯು. ಬಣ್ಣದಲ್ಲಿಯೂ ಪಕ್ಕದ ಹಲಗೆಗಳ ಎತ್ತರದಲ್ಲಿಯೂ ಅಲಂಕಾರದಲ್ಲಿಯೂ ಉಳಿಸಿದ್ದರೆ ಕೊಳ್ಳುವವನಿಗೆ ಲಾಭವೇ. ಕೊಂಡಿಯಲ್ಲಿ, ಚೌಕಟ್ಟಿನಲ್ಲಿ, ಅಚ್ಚಿನಲ್ಲಿ, ಚಕ್ರದಲ್ಲಿ ಉಳಿಸಿದ್ದರೆ ಆ ಉಳಿತಾಯವನ್ನು ಕೊಳ್ಳುವವನು ಬೇರೆ ರೂಪದಲ್ಲಿ ತೆರಬೇಕಾಗುವುದು.

ನನ್ನ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವು. ನನ್ನ ವಲಯದ ಒಬ್ಬ ಜಮೀನುದಾರರು ಟ್ರೇಲರೊಂದನ್ನು ಕೊಳ್ಳುವ ಮೊದಲು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ನಾನು ಸುತ್ತಲೂ ನೋಡಿ, ಚೆನ್ನಾಗಿದೆಯೆಂದು ಹೇಳಿದೆನು. ಆ ಬೇಸಗೆಯಲ್ಲಿ ಅವರು ಅದರಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಸುತ್ತಿದ್ದರು. ತುಂಬಿದ ಟ್ರೇಲರು ಏರಿಯನ್ನು ಹತ್ತುತ್ತಿರುವಾಗ ಮೂಕಿಯ ತುದಿಯ ಉಂಗುರವು ಬೆಸುಗೆಯಲ್ಲಿ ಕಿತ್ತುಬಂದು, ಟ್ರೇಲರು ಹಿಂದಕ್ಕೆ ಉರುಳಿ, ಏರಿಯ ಕೆಳಗಿನ ಹುಣಿಸೆಯ ಮರಕ್ಕೆ ಬಡಿದು ನಿಂತಿತು. ಕೂಲಿಯ ಹೆಂಗಸರು ಅದೇ ಮರದ ನೆರಳಿನಲ್ಲಿ ಕುಳಿತು ಬುತ್ತಿಯನ್ನು ಉಂಡು, ಆಗತಾನೆ ಎದ್ದು ಹೋಗಿದ್ದರು. ನಾನು ಹೋಗಿ ಮುರಿದ ಜಾಗವನ್ನು ನೋಡಲಾಗಿ, ಅದರಲ್ಲಿ ಮೂರರಲ್ಲಿ ಎರಡು ಭಾಗವು ಹಳೆಯ ತುಕ್ಕಿನಿಂದ ಕೆಂಪಾಗಿದ್ದಿತು. ಒಂದು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದಿತು. ಎಂದರೆ ಆ ಬೆಸುಗೆಯು ಮೊದಲಿನಿಂದಲೂ ಮೂರನೆಯ ಒಂದು ಪಾಲು ಮಾತ್ರ ಹಿಡಿದಿದ್ದು, ಉಳಿದದ್ದನ್ನು ಬಣ್ಣವು ಮುಚ್ಚಿತ್ತು. ಕೊಳ್ಳುವ ದಿನ ನಾನೂ ಆ ಬಣ್ಣವನ್ನೇ ನೋಡಿದ್ದೆನು. ಅಂದಿನಿಂದ ಯಾರಾದರೂ ನನ್ನನ್ನು ಕರೆದರೆ ಈ ಕೆಳಗಣ ಕ್ರಮವನ್ನು ಬಿಡದೆ ಅನುಸರಿಸುತ್ತೇನೆ.

೧. ಮೊದಲು ಹೊರೆಯ ಲೆಕ್ಕ

ಟ್ರೇಲರನ್ನು ನೋಡುವುದಕ್ಕೆ ಮುಂಚೆ, ಅದರಲ್ಲಿ ಏನನ್ನು ಸಾಗಿಸಬೇಕಾಗಿದೆಯೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಉದಾಹರಣೆಗೆ ೧೦ ಅಡಿ ಉದ್ದ, ೬ ಅಡಿ ಅಗಲ, ೨ ಅಡಿ ಎತ್ತರವುಳ್ಳ ಪೆಟ್ಟಿಗೆಯು ೧೨೦ ಘನ ಅಡಿಯಾಗುವುದು. ಸಿಪ್ಪೆಯುಳ್ಳ ಒಣಗಿದ ಕಡಲೆಕಾಯಿಯನ್ನು ಅದರಲ್ಲಿ ತುಂಬಿದರೆ ತೂಕವು ಸುಮಾರು ಒಂದು ಟನ್ನು. ರಾಗಿಯನ್ನು ತುಂಬಿದರೆ ಸುಮಾರು ಎರಡೂವರೆ ಟನ್ನು. ಹಸಿಯಾದ ಕೆರೆಗೋಡಾದರೋ ಘನ ಅಡಿಗೆ ೪೫ರಿಂದ ೫೦ ಕಿಲೋ ತೂಗುವುದರಿಂದ, ಅದೇ ಪೆಟ್ಟಿಗೆಯಲ್ಲಿ ೫.೪ರಿಂದ ೬ ಟನ್ನಿನಷ್ಟಾಗುವುದು. ಮೂರು ಟನ್ನಿನದೆಂದು ಮಾರಿದ ಟ್ರೇಲರಿಗೆ ಇದು ಹೆಚ್ಚುಕಡಿಮೆ ಇಮ್ಮಡಿಯ ಹೊರೆ. ಆದುದರಿಂದ ಅಂಥ ಟ್ರೇಲರಿನಲ್ಲಿ ಗೋಡನ್ನು ಒಂದಡಿಯ ಎತ್ತರಕ್ಕೆ ಮಾತ್ರ ತುಂಬತಕ್ಕದ್ದು. ಆ ಎತ್ತರಕ್ಕೆ ಒಳಗಡೆ ಬಿಳಿಯ ಗೆರೆಯೊಂದನ್ನು ಎಳೆಸುವುದು ಬಹು ಉಪಯುಕ್ತವು. ಬರಿಯ ಕಡಲೆಕಾಯಿ, ಹುಲ್ಲು, ಸೊಪ್ಪುಗಳಿಗಾಗಿ ಬೇಕಾದರೆ ಹಗುರವಾದ ಟ್ರೇಲರು ಸಾಕು; ಗೋಡು, ಕಲ್ಲು, ಇಟ್ಟಿಗೆಗಳನ್ನು ಹೊರಬೇಕಾದರೆ ಅಗ್ಗದ ಆಸೆಯನ್ನು ಬಿಡುವುದೇ ಒಳ್ಳೆಯದು.

೨. ಕೊಂಡಿ ಮತ್ತು ಮೂಕಿ

ಟ್ರ್ಯಾಕ್ಟರಿಗೆ ಸೇರುವ ಉಂಗುರವು ಕಾಯಿಸಿ ಬಡಿದು ಮಾಡಿದ ದಪ್ಪನಾದ ಒಂದೇ ತುಂಡಾಗಿರಬೇಕು. ಸಲಾಕೆಯನ್ನು ಬಗ್ಗಿಸಿ ತುದಿಗಳನ್ನು ಬೆಸೆದು ಮಾಡಿದ ಉಂಗುರವನ್ನು ಒಪ್ಪಲಾಗದು. ಉಂಗುರವು ಮೂಕಿಗೆ ಸೇರುವ ಕಡೆ ಮೇಲೂ ಕೆಳಗೂ ಆನಿಕೆಯ ತಗಡುಗಳು ಇರಬೇಕು. ಉಂಗುರದಲ್ಲಿ ಹೋಗುವ ಗೂಟಕ್ಕೆ, ಗಾಡಿಯ ಕಡಾಣಿಯಂತೆ, ಕೆಳಗಿನಿಂದ ತಡೆಯುವ ಕೀಲು ಇರತಕ್ಕದ್ದು. ಇದಲ್ಲದೆ ಮೂಕಿಗೂ ಟ್ರ್ಯಾಕ್ಟರಿಗೂ ನಡುವೆ ಒಂದು ಸರಪಣಿಯನ್ನು ಹಾಕಿಸಬೇಕು. ಮೇಲೆ ಹೇಳಿದ ಏರಿಯ ಸಂಗತಿಯಲ್ಲಿ ಗಟ್ಟಿಯಾದ ಸರಪಣಿಯು ಇದ್ದಿದ್ದರೆ, ಉಂಗುರವು ಕಿತ್ತರೂ ಟ್ರೇಲರು ಉರುಳುತ್ತಿರಲಿಲ್ಲ.

೩. ಚೌಕಟ್ಟು ಮತ್ತು ಬೆಸುಗೆ

ಸಾಧ್ಯವಾದರೆ ಬಣ್ಣ ಹಚ್ಚುವುದಕ್ಕೆ ಮುಂಚೆಯೇ ಹೋಗಿ ನೋಡತಕ್ಕದ್ದು. ಪ್ರಾಮಾಣಿಕನಾದ ಕೆಲಸಗಾರನು ಇದಕ್ಕೆ ಬೇಡವೆನ್ನಲಾರನು. ಬೆಸುಗೆಯು ಒಂದೇ ಅಗಲವಾಗಿ, ಮೀನಿನ ಹುರುಪೆಯಂತೆ ಸಮನಾದ ಅಲೆಗಳಿಂದ ಕೂಡಿ, ಎರಡು ಕಡೆಯ ಕಬ್ಬಿಣವನ್ನೂ ಕಚ್ಚಿಕೊಂಡಿರಬೇಕು. ತೂತುಗಳು, ಮುದ್ದೆಗಳು, ಅಂಚಿನಲ್ಲಿ ಕೊರೆದಂಥ ಕಾಲುವೆಗಳು ಕಂಡುಬಂದರೆ ಅದು ದುರ್ಬಲವಾದುದು. ಬಣ್ಣ ಹಚ್ಚಿದ ಮೇಲೆ ನೋಡಬೇಕಾಗಿ ಬಂದರೆ ಒಂದು ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿರಿ. ಮೇಣದಂಥ ಪುಟ್ಟಿಯಿಂದ ಹಳ್ಳವನ್ನು ಮುಚ್ಚಿದ ಕಡೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಚೌಕಟ್ಟಿನ ಎರಡು ಉದ್ದದ ಕಂಬಿಗಳು ನಡುವೆ ಜೋಡಣೆಯಿಲ್ಲದವುಗಳಾಗಿರಬೇಕು. ಒಂದು ದಾರವನ್ನು ತೆಗೆದುಕೊಂಡು ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಆಮೇಲೆ ಉಳಿದ ಎರಡು ಮೂಲೆಗಳನ್ನು ಅಳೆಯಿರಿ. ಅಳತೆಗಳು ಸಮನಾಗಿಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆಯೆಂದು ತಿಳಿಯತಕ್ಕದ್ದು.

ತಗಡಿನ ದಪ್ಪವನ್ನು ಮಾತಿನಿಂದ ನಂಬಬೇಡಿರಿ. ೩ ಮಿಲಿಮೀಟರು ದಪ್ಪದ ಉಕ್ಕಿನ ತಗಡು ಚದರಡಿಗೆ ಸುಮಾರು ೨.೨ ಕಿಲೋ ತೂಗುವುದು; ೨ ಮಿಲಿಮೀಟರಿನದು ಸುಮಾರು ಒಂದೂವರೆ ಕಿಲೋ. ೬೦ ಚದರಡಿಯ ತಳಕ್ಕೆ ಇದರಿಂದಲೇ ೪೦ ಕಿಲೋಗೂ ಹೆಚ್ಚು ವ್ಯತ್ಯಾಸವಾಗುವುದು. ಆದಕಾರಣ ಬರಿದಾದ ಟ್ರೇಲರನ್ನು ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಅದೇ ಅಳತೆಯ ಒಳ್ಳೆಯ ಟ್ರೇಲರಿನ ತೂಕದೊಡನೆ ಹೋಲಿಸಿ ನೋಡುವುದು ಸುಲಭವಾದ ಪರೀಕ್ಷೆಯು. ಸೇತುವೆಗೆ ಕೊಡುವ ಅಲ್ಪಸ್ವಲ್ಪ ಹಣವು ವ್ಯರ್ಥವಲ್ಲ.

೪. ಅಚ್ಚು ಮತ್ತು ಚಕ್ರಗಳು

ಕೊಂಡಿಯ ಉಂಗುರದ ಮಧ್ಯದಿಂದ ಬಲಚಕ್ರದ ಗುಂಬಕ್ಕೂ ಎಡಚಕ್ರದ ಗುಂಬಕ್ಕೂ ದಾರದಿಂದ ಅಳೆದರೆ ಎರಡೂ ಒಂದೇ ಆಗಿರಬೇಕು. ಇಲ್ಲದಿದ್ದಲ್ಲಿ ಟ್ರೇಲರು ಏಡಿಯಂತೆ ಓರೆಯಾಗಿ ನಡೆದು ಟೈರುಗಳನ್ನು ತೇಯಿಸುವುದು. ಬಳಿಕ ಜಾಕಿಯಿಂದ ಒಂದೊಂದು ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ ನೋಡಿರಿ. ಅದು ಮೌನವಾಗಿ ತಿರುಗಬೇಕು. ಚಕ್ರದ ಮೇಲ್ಭಾಗ ಕೆಳಭಾಗಗಳನ್ನು ಎರಡು ಕೈಗಳಿಂದ ಹಿಡಿದು ಅಲುಗಿಸಿದರೆ ಲಟಲಟನೆ ಆಡಬಾರದು. ಗುಂಬದ ಮುಚ್ಚಳವು ಭದ್ರವಾಗಿರಬೇಕು. ನಮ್ಮ ಸೀಮೆಯ ಕೆಂಪುಧೂಳು ಒಳಗೆ ಹೊಕ್ಕರೆ ಬೇರಿಂಗು ಬಹುಕಾಲ ಬಾಳದು.

ಅಗ್ಗದ ಟ್ರೇಲರುಗಳಿಗೆ ಹಳೆಯ ಟೈರುಗಳನ್ನು ಕಪ್ಪುಬಣ್ಣ ಬಳಿದು ಹಾಕುವುದುಂಟು. ಟೈರಿನ ಪಕ್ಕದಲ್ಲಿ ಸಣ್ಣ ಮನೆಯೊಂದರೊಳಗೆ ನಾಲ್ಕು ಅಂಕಿಗಳಿರುವುವು. ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುವುವು. ೧೮೨೩ ಎಂದಿದ್ದರೆ ೨೦೨೩ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ ಮಾಡಿದ್ದೆಂದರ್ಥ. ಪಕ್ಕದ ರಬ್ಬರಿನಲ್ಲಿ ಕೂದಲಿನಂಥ ಬಿರುಕುಗಳಿದ್ದರೆ ಬೇಡವೆನ್ನಿರಿ. ಎರಡು ಟೈರುಗಳೂ ಒಂದೇ ಅಳತೆಯವಾಗಿರಬೇಕು.

೫. ತೂಕದ ಸಮತೋಲನ ಮತ್ತು ತಡೆ

ಎರಡು ಚಕ್ರದ ಟ್ರೇಲರಿನಲ್ಲಿ ಭಾರವು ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಬೀಳುವಂತಿರಬೇಕು. ಹಿಂದಕ್ಕೆ ಬಿದ್ದರೆ ಮೂಕಿಯು ಮೇಲಕ್ಕೆದ್ದು, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹಿಡಿತವು ತಪ್ಪುವುದು. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ನೊಗವು ಎತ್ತುಗಳ ಕೊರಳಿಗೆ ಏರುವುದನ್ನು ತಾವೆಲ್ಲರೂ ಬಲ್ಲಿರಿ. ಇದೂ ಅದೇ ನ್ಯಾಯವು. ಬಹುಪಾಲು ಅಗ್ಗದ ಟ್ರೇಲರುಗಳಿಗೆ ಬ್ರೇಕು ಇರುವುದಿಲ್ಲ. ಸಾಧಾರಣವಾಗಿ ಎರಡು ಟನ್ನು ತೂಗುವ ಟ್ರ್ಯಾಕ್ಟರನ್ನು, ಇಳಿಜಾರಿನಲ್ಲಿ ಹಿಂದಿನಿಂದ ನಾಲ್ಕೈದು ಟನ್ನು ತಳ್ಳಿದರೆ, ಚಾಲಕನು ಎಷ್ಟು ನಿಪುಣನಾದರೂ ನಿಲ್ಲಿಸುವುದು ಕಷ್ಟ. ಬ್ರೇಕಿಲ್ಲದ ಟ್ರೇಲರನ್ನು ಕೊಂಡವರು ಹೊರೆಯನ್ನು ಮಿತಗೊಳಿಸಿ, ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬರತಕ್ಕದ್ದು. ಚಕ್ರಕ್ಕೆ ಇಡಲು ಎರಡು ಮರದ ಆನಿಕೆಗಳನ್ನು ಸದಾ ಇಟ್ಟುಕೊಂಡಿರತಕ್ಕದ್ದು.

ಹಿಂದುಗಡೆ ಕೆಂಪು ದೀಪಗಳೂ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳೂ ಇರಲೇಬೇಕು. ಸಿರಾದ ಮಾರುಕಟ್ಟೆಗೆ ಕಡಲೆಕಾಯಿಯನ್ನು ಹೇರಿಕೊಂಡು ಹೆದ್ದಾರಿಯಲ್ಲಿ ರಾತ್ರಿಯ ಹೊತ್ತು ಹೋಗುವ ಟ್ರೇಲರು, ಹಿಂದಿನಿಂದ ವೇಗವಾಗಿ ಬರುವ ಲಾರಿಯವನಿಗೆ ಕತ್ತಲೆಯಲ್ಲಿ ಗೋಡೆಯಂತೆ ಎದುರಾಗುವುದು.

೬. ಜಾತ್ರೆಯ ಬಿಡಾರಕ್ಕಾಗಿ ಕೊಳ್ಳುವವರಿಗೆ

ಸಿದ್ಧಗಂಗೆಯ ಶಿವರಾತ್ರಿಯ ದನಗಳ ಜಾತ್ರೆಗೂ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೂ ಹೋಗುವವರು ಮೇವು, ನೀರಿನ ಪೀಪಾಯಿ, ಅಡಿಗೆಯ ಸಾಮಾನುಗಳನ್ನು ಟ್ರೇಲರಿನಲ್ಲಿ ಹೇರಿ, ಅಲ್ಲಿ ಅದಕ್ಕೇ ಕಮಾನು ಕಟ್ಟಿ ಟಾರ್ಪಾಲು ಹೊದಿಸಿ ರಾತ್ರಿಗಳನ್ನು ಕಳೆಯುವುದುಂಟು. ಹಿಂದಿನ ಕಮಾನು ಗಾಡಿಯ ಕೆಲಸವನ್ನು ಇದು ಮಾಡುವುದು. ಇಂಥವರು ಕಮಾನಿನ ಕೊಳವೆಗಳು ಕೂರುವ ಗೂಡುಗಳು ಪಕ್ಕದ ಹಲಗೆಗೆ ಬರಿದೇ ಅಂಟಿಸಿದವೋ, ಚೌಕಟ್ಟಿಗೆ ಸೇರಿಸಿದವೋ ನೋಡಬೇಕು. ಗಾಳಿಗೆ ಮೊದಲು ಕೀಳುವುದು ಅದೇ. ಟಾರ್ಪಾಲನ್ನು ಬಿಸಿಲಿಗೆ ಹಿಡಿದು ಕೆಳಗಿನಿಂದ ನೋಡಿದರೆ ಸೂಜಿಯ ಮೊನೆಯಷ್ಟು ತೂತೂ ಕಾಣುವುದು. ಬೀಡುಬಿಟ್ಟಾಗ ಮುಂದಿನ ಆಧಾರದ ಕಾಲಿನ ಕೆಳಗೆ ಹಲಗೆಯನ್ನಿಟ್ಟು, ಚಕ್ರಗಳಿಗೆ ಆನಿಕೆ ಕೊಟ್ಟ ಹೊರತು ಯಾರೂ ಒಳಗೆ ಮಲಗಬಾರದು. ದಾರಿಯಲ್ಲಿ ಟ್ರೇಲರಿನೊಳಗೆ ಜನರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೆ ವಿರೋಧವು. ಜನರು ಬಸ್ಸಿನಲ್ಲಿ ಹೋಗಲಿ, ಸಾಮಾನು ಟ್ರೇಲರಿನಲ್ಲಿ ಹೋಗಲಿ.

೭. ಕಾಗದಪತ್ರಗಳು ಮತ್ತು ಕಡೆಯ ಪರೀಕ್ಷೆ

೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯ್ದೆಯಂತೆ ಟ್ರೇಲರೂ ಮೋಟಾರು ವಾಹನವೆಂದೇ ಎಣಿಸಲ್ಪಟ್ಟಿದೆ. ಆದುದರಿಂದ ಅದರ ನೋಂದಣಿಯೂ ವಿಮೆಯೂ ಅವಶ್ಯಕವು. ಚೌಕಟ್ಟಿನ ಮೇಲೆ ಸಂಖ್ಯೆಯನ್ನು ಕೊರೆದಿದೆಯೇ, ರಸೀತಿಯಲ್ಲಿಯೂ ಅದೇ ಸಂಖ್ಯೆ ಇದೆಯೇ ಎಂದು ನೋಡತಕ್ಕದ್ದು. ರಸೀತಿಯಿಲ್ಲದ ಕಾರಣದಿಂದ ಅಗ್ಗವಾದ ಟ್ರೇಲರು, ಅಪಘಾತವಾದ ದಿನ ಎಲ್ಲಕ್ಕಿಂತ ತುಟ್ಟಿಯಾಗುವುದು.

ಎಲ್ಲವೂ ಸರಿಯೆಂದು ಕಂಡ ಮೇಲೆಯೂ ಪೂರ್ಣ ಹಣವನ್ನು ಕೊಡಬೇಡಿರಿ. ಒಪ್ಪಿಕೊಂಡ ಹೊರೆಯನ್ನು ತುಂಬಿ, ತಮ್ಮ ಊರಿನ ಹದಗೆಟ್ಟ ದಾರಿಯಲ್ಲಿ ಐದಾರು ಮೈಲಿ ನಡೆಸಿರಿ. ನಿಲ್ಲಿಸಿದೊಡನೆ ಗುಂಬಗಳನ್ನು ಕೈಯಿಂದ ಮುಟ್ಟಿರಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗಿನಲ್ಲಿ ದೋಷವುಂಟು. ಬೆಸುಗೆಗಳ ಮೇಲೆ ಬಣ್ಣವು ಗೆರೆಯಾಗಿ ಬಿರಿದಿದೆಯೇ ನೋಡಿರಿ. ಬಣ್ಣವು ಬಿರಿದ ಕಡೆ ಕೆಳಗಿನ ಕಬ್ಬಿಣವೂ ಬಿರಿದಿರುವ ಸಂಭವವುಂಟು. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಕ್ಷೇಮವು.

ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ

ಒಬ್ಬರು ಕೊಂಡ ಟ್ರೇಲರು ಊರಿಗೆಲ್ಲ ಬಾಡಿಗೆಗೆ ಹೋಗುವುದು. ಅದರ ಮುಂದೆಯೂ ಹಿಂದೆಯೂ ನಡೆಯುವವರು, ಹೊರೆ ತುಂಬುವವರು, ಮೂಕಿಯ ಮೇಲೆ ಕೂರುವ ಹುಡುಗರು ಅದರ ಬೆಲೆಯನ್ನು ಚೌಕಾಸಿ ಮಾಡಿದವರಲ್ಲ. ಆದಕಾರಣ ಸುಗ್ಗಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ಟ್ರೇಲರುಗಳನ್ನೆಲ್ಲ ಒಂದು ಬಯಲಿನಲ್ಲಿ ನಿಲ್ಲಿಸಿ, ಬಲ್ಲ ಕೆಲಸಗಾರನೊಬ್ಬನಿಂದ ಕೊಂಡಿ, ಚಕ್ರ, ದೀಪಗಳನ್ನು ನೋಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಇದಕ್ಕೆ ಒಂದು ದಾರ, ಒಂದು ಜಾಕಿ, ಒಂದು ಸುತ್ತಿಗೆ, ಒಂದು ಅಯಸ್ಕಾಂತ ಇಷ್ಟಿದ್ದರೆ ಸಾಕು. ಆ ಹುಣಿಸೆಯ ಮರದ ತೊಗಟೆಯಲ್ಲಿ ಟ್ರೇಲರು ಬಡಿದ ಗುರುತು ಇನ್ನೂ ಇದೆ. ಕೂಲಿಯ ಹೆಂಗಸರು ಈಗಲೂ ಅದರ ನೆರಳಿನಲ್ಲಿಯೇ ಬುತ್ತಿಯನ್ನು ಬಿಚ್ಚುತ್ತಾರೆ.