ಹಳೆಯ ನಕ್ಷೆಯಲ್ಲಿ ಡೆಹರಾಡೂನಿನ ನೀರಿನ ದಾರಿ

ಸ್ಥಳಾಕೃತಿ ನಕ್ಷೆಯು ಊರು, ರಸ್ತೆಗಳ ಜೊತೆಗೆ ನೆಲದ ಏರಿಳಿತವನ್ನೂ ನೀರಿನ ಹರಿವನ್ನೂ ತೋರಿಸುತ್ತದೆ. ಅದನ್ನು ಓದುವ ಕ್ರಮಕ್ಕೆ ಡೆಹರಾಡೂನ್ ಒಳ್ಳೆಯ ನಿದರ್ಶನ. 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಕೇಂದ್ರ ಕಚೇರಿ ಇರುವುದೂ ಇಲ್ಲಿಯೇ.

ಮೊದಲು ಸರ್ವೇಕ್ಷಣೆಯ ವರ್ಷವನ್ನೂ ಪ್ರಮಾಣವನ್ನೂ ಗಮನಿಸಬೇಕು. ಹಿಂದಿನ ನಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದು ಅಂಗುಲವು ಒಂದು ಮೈಲಿಯನ್ನು ಸೂಚಿಸುತ್ತಿತ್ತು. ಮೆಟ್ರಿಕ್ ಪದ್ಧತಿಯ 1:50,000 ಪ್ರಮಾಣದಲ್ಲಿ 2 ಸೆಂಟಿಮೀಟರ್ ಒಂದು ಕಿಲೋಮೀಟರಿಗೆ ಸಮ. ಡೆಹರಾಡೂನಿಗೆ ರೈಲು ಬಂದದ್ದು 1900ರಲ್ಲಿ. ಆದುದರಿಂದ ರೈಲು ಹಳಿಯಿಲ್ಲದ ನಕ್ಷೆಯು ಅದಕ್ಕೂ ಹಿಂದಿನ ಸರ್ವೇಕ್ಷಣೆಯದೆಂದು ತಿಳಿಯಬಹುದು.

ಅನಂತರ ಸಮೋನ್ನತಿ ರೇಖೆಗಳನ್ನು ನೋಡಬೇಕು. ಸಮಾನ ಎತ್ತರದ ಸ್ಥಳಗಳನ್ನು ಜೋಡಿಸುವ ಈ ರೇಖೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ಸೌಮ್ಯವಾದ ಇಳಿಜಾರು. ಉತ್ತರದ ಮಸ್ಸೂರಿ ಬೆಟ್ಟಗಳಲ್ಲಿ ಒತ್ತಾಗಿರುವ ರೇಖೆಗಳು ಡೆಹರಾಡೂನಿನ ಕಡೆಗೆ ಬಂದಂತೆ ದೂರ ಸರಿಯುತ್ತವೆ.

ಈ ಇಳಿಜಾರೇ ಇಲ್ಲಿನ ನೀರಾವರಿಗೆ ಆಧಾರವಾಯಿತು. ಡೂನ್ ಕಣಿವೆಯ ನೆಲದಲ್ಲಿ ಬೆಣಚುಕಲ್ಲು ಹೆಚ್ಚು. ನೀರು ಬೇಗನೆ ಆಳಕ್ಕಿಳಿಯುವುದರಿಂದ ಬಾವಿ ತೋಡುವುದು ಕಷ್ಟಕರ. ಬೆಟ್ಟದ ಬುಡದಲ್ಲಿ ರಿಸ್ಪನಾ ಹೊಳೆಯಿಂದ ಹೊರಟ ರಾಜಪುರ ಕಾಲುವೆಯು ಯಾವ ಯಂತ್ರದ ನೆರವೂ ಇಲ್ಲದೆ ಊರಿಗೆ ನೀರು ತಂದಿತು. ಇದರ ನಿರ್ಮಾಣವನ್ನು 17ನೆಯ ಶತಮಾನದ ಗಢವಾಲದ ರಾಣಿ ಕರ್ಣಾವತಿಯ ಹೆಸರಿನೊಂದಿಗೆ ಜೋಡಿಸಲಾಗುತ್ತದೆ. 19ನೆಯ ಶತಮಾನದಲ್ಲಿ ಗಂಗಾ ಕಾಲುವೆಯ ನಿರ್ಮಾತೃ ಪ್ರೋಬಿ ಕಾಟ್ಲಿಯವರು ಡೂನ್ ಕಾಲುವೆಗಳ ಕಾರ್ಯದಲ್ಲಿಯೂ ತೊಡಗಿದ್ದರು. ಬಾಸ್ಮತಿ ಗದ್ದೆಗಳೂ ಲಿಚಿ ತೋಟಗಳೂ ಈ ಕಣಿವೆಗೆ ಹೆಸರು ತಂದವು.

2000ದಲ್ಲಿ ರಾಜಧಾನಿಯಾದ ಬಳಿಕ ನಗರವು ವೇಗವಾಗಿ ಬೆಳೆದು, ಅನೇಕ ಗದ್ದೆಗಳು ಬಡಾವಣೆಗಳಾದವು. ಪೂರ್ವ ಕಾಲುವೆಯ ಭಾಗಗಳು ರಸ್ತೆಯ ಅಡಿಯಲ್ಲಿ ಮರೆಯಾದವು. ರಸ್ತೆಯ ಹೆಸರಿನಲ್ಲಿ ಮಾತ್ರ ಕಾಲುವೆಯ ನೆನಪು ಉಳಿದಿದೆ. ರಿಸ್ಪನಾ, ಬಿಂದಾಲ್ ಹೊಳೆಗಳು ವರ್ಷದ ಬಹುಭಾಗ ಬತ್ತಿರುತ್ತವೆ. ಬರಿದಾಗಿ ಕಾಣುವ ಅವುಗಳ ಪಾತ್ರವನ್ನು ಬಂಜರು ಭೂಮಿಯೆಂದು ತಿಳಿದು ಮನೆ ಕಟ್ಟಿದವರು ಮಳೆಗಾಲದಲ್ಲಿ ಪ್ರವಾಹಕ್ಕೆ ಗುರಿಯಾಗುತ್ತಾರೆ. ಹಳೆಯ ನಕ್ಷೆಯಲ್ಲಿ ಅಗಲವಾಗಿ ಕಾಣುವ ಹೊಳೆಯ ಪಾತ್ರವು ಮುನ್ನೆಚ್ಚರಿಕೆಯೇ ಸರಿ.

2005ರ ರಾಷ್ಟ್ರೀಯ ನಕ್ಷಾ ನೀತಿಯ ತರುವಾಯ ಇಲಾಖೆಯು ಸಾರ್ವಜನಿಕರಿಗಾಗಿಯೇ ಪ್ರತ್ಯೇಕ ನಕ್ಷಾ ಸರಣಿಯನ್ನು ಹೊರತಂದಿದೆ. ನಿವೇಶನ ಕೊಳ್ಳುವ ಮುನ್ನ ಹಳೆಯ ಮತ್ತು ಹೊಸ ನಕ್ಷೆಗಳನ್ನು ಹೋಲಿಸಿ ನೋಡಿ. ಕಾಲುವೆ, ಹಳ್ಳ, ಕೆರೆಗಳು ಎಲ್ಲಿದ್ದವೆಂಬುದನ್ನು ಗುರುತಿಸಿ. ಯಾವ ಊರಿನಲ್ಲಿ ನೆಲೆಸಿದವರಿಗೂ ಈ ಅಭ್ಯಾಸವು ಉಪಯುಕ್ತ. ಕಟ್ಟಡಗಳು ಬದಲಾದರೂ ನೆಲದ ಇಳಿಜಾರು ಸುಲಭವಾಗಿ ಬದಲಾಗುವುದಿಲ್ಲ. ನೀರು ಅದನ್ನೇ ಅನುಸರಿಸುತ್ತದೆ.