ಎರಡು ಸಾವಿರದ ಕೇಬಲ್ ಬೇಕೆ?

ಪ್ರಶ್ನೆ: ಹೊಸ ಆಂಪ್ಲಿಫೈಯರ್, ಸ್ಪೀಕರ್ ಕೊಂಡಿದ್ದೇನೆ. ಅಂಗಡಿಯವರು ಮೀಟರಿಗೆ ನೂರು ಚಿಲ್ಲರೆಯ ಸ್ಪೀಕರ್ ಕೇಬಲನ್ನೂ ತೋರಿಸಿದರು, ಎರಡು ಸಾವಿರದ್ದನ್ನೂ ತೋರಿಸಿದರು. ಹಾಡು ಕೇಳುವಾಗ ವ್ಯತ್ಯಾಸ ತಿಳಿಯುತ್ತದೆಯೇ?

ಉತ್ತರ: ಕೇಬಲಿನ ದಪ್ಪ ಸಾಲದಿದ್ದರೆ ತಿಳಿಯುತ್ತದೆ. ದಪ್ಪ ಸಾಕಷ್ಟಿದ್ದ ಮೇಲೆ ಬೆಲೆಗೂ ಸದ್ದಿಗೂ ಸಂಬಂಧವಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಸ್ಪೀಕರ್ 5 ಮೀಟರ್ ದೂರವಿದ್ದರೆ ಕರೆಂಟು ಹೋಗಿ ಬರಲು 10 ಮೀಟರ್ ತಾಮ್ರ ದಾಟಬೇಕು. 0.5 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ ಅದರ ರೋಧ ಸುಮಾರು 0.35 ಓಮ್, 2.5ರ ವೈರಿನಲ್ಲಿ 0.07 ಮಾತ್ರ. ಸ್ಪೀಕರಿನ ಹಿಂದೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಆಗಿರುವುದಿಲ್ಲ. ಒಂದೆಡೆ 6ಕ್ಕೆ ಇಳಿದು ಇನ್ನೊಂದೆಡೆ 20 ದಾಟಬಹುದು. ಇಳಿದ ಕಡೆಯೇ ತೆಳು ವೈರು ಹೆಚ್ಚು ನುಂಗುವುದರಿಂದ ಸದ್ದಿನ ಹದ ತುಸು ಕೆಡುತ್ತದೆ. 4 ಓಮಿನ ಸ್ಪೀಕರಾದರೆ, ದೂರವೂ ಹೆಚ್ಚಿದರೆ, ಅದು ಕಿವಿಗೆ ಬೀಳುವಷ್ಟಾಗುತ್ತದೆ. ಮನೆಯ ಹಾಲಿಗೆ 2.5ರ ತಾಮ್ರದ ವೈರು ಧಾರಾಳ. ಬೆಳ್ಳಿಯ ತಂತಿ ಎಂದು ಆಸೆ ಹುಟ್ಟಿಸುತ್ತಾರೆ. ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ ಸುಮಾರು ಆರರಷ್ಟು ಹೆಚ್ಚು ವಾಹಕ, ಅಷ್ಟೇ. ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು. ಅದರ ರೋಧ ಹೆಚ್ಚು.

ಮೈಕಿನ ಕೇಬಲಿನ ವಿಷಯ ಬೇರೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಗಣೇಶೋತ್ಸವದ ಪೆಂಡಾಲಿನಲ್ಲಿ ಅದನ್ನು ದೀಪದ ವೈರಿನ ಜೊತೆಗೇ ಎಳೆದರೆ 50 ಹರ್ಟ್ಸಿನ ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಅಲ್ಲಿ ಒಳ್ಳೆಯ ಜಾಲರಿ ಕವಚವಿರುವ, ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲಿಗೆ ಹಣ ಹಾಕಲೇಬೇಕು. ಅದರ ಎರಡು ತಂತಿಗಳಲ್ಲಿ ಒಂದೇ ಸಂಕೇತ ಒಂದಕ್ಕೊಂದು ತಲೆಕೆಳಗಾಗಿ ಹರಿಯುತ್ತದೆ. ಹೊರಗಿನ ಗದ್ದಲ ಎರಡರಲ್ಲೂ ಒಂದೇ ರೀತಿ ಸೇರುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಇನ್ನು ಡಿಜಿಟಲ್ ಸಂಕೇತ ಸಾಗಿಸುವ ಎಚ್‌ಡಿಎಂಐ ಕೇಬಲು ಕೆಟ್ಟರೆ ಸದ್ದು ಕಡಿಕಡಿದು ಬರುತ್ತದೆ ಅಥವಾ ನಿಂತೇ ಹೋಗುತ್ತದೆ, ಮಂಕಾಗುವುದಿಲ್ಲ.

ಅಂಗಡಿಯಲ್ಲಿ ಹೋಲಿಸಿ ಕೇಳಿಸುತ್ತೇವೆ ಎಂದರೆ ಒಪ್ಪಿ. ಆದರೆ ವಾಲ್ಯೂಮ್ ಎರಡಕ್ಕೂ ಸಮವಿರಲಿ, ಏಕೆಂದರೆ ಕೂದಲೆಳೆಯಷ್ಟು ಜೋರಾದದ್ದೂ ಚೆನ್ನಾಗಿದೆ ಎನಿಸುತ್ತದೆ. ಯಾವ ಕೇಬಲ್ ಹಾಕಿದ್ದಾರೆ ಎಂಬುದು ನಿಮಗೆ ಕಾಣದಿರಲಿ, ಹಲವು ಸಲ ಅದಲುಬದಲು ಮಾಡಿಸಿ. ಉಳಿದ ಹಣವನ್ನು ಸ್ಪೀಕರ್ ಸ್ಟ್ಯಾಂಡಿಗೆ ಹಾಕಿ, ಸ್ಪೀಕರುಗಳನ್ನು ಗೋಡೆಯ ಮೂಲೆಯಿಂದ ಎರಡು ಅಡಿಯಾದರೂ ಮುಂದೆ ತನ್ನಿ. ಮೂಲೆಯಲ್ಲಿ ಊದಿಕೊಳ್ಳುವ ಮೃದಂಗದ ಎಡಭಾಗದ ನಾದ ಆಗ ತಿಳಿಯಾಗುತ್ತದೆ.